ಹಡಗಿನ ಬಣ್ಣದ ತೊಟ್ಟಿಲು

ತಾಲ್ಕಾವಾನೊ,
೧೪ ಆಗಸ್ಟ್ ೧೯೮೯

ಪ್ರೀತಿಯ ಎಲಿಸೆಯೊ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ದಕ್ಷಿಣದ ಆ ಹಡಗುಕಟ್ಟೆಯ ಚಳಿಯಲ್ಲಿ ಒದ್ದೆ ಕಾಲುಚೀಲ ಹಾಕಿಕೊಂಡೇ ಮಲಗುತ್ತೀಯೆಂದು ನನಗೆ ಗೊತ್ತು, ಹಾಗೆ ಮಾಡಬೇಡ. ಹೊಟ್ಟೆಯೊಳಗೆ ಮಗು ಒದೆಯುತ್ತದೆ, ಅದೂ ನಾನು ಊಟಕ್ಕೆ ಕೂತಾಗಲೇ. ನಿಮ್ಮ ಮನೆಯವರದ್ದೇ ಬುದ್ಧಿ.

ಈ ಪತ್ರ ಬರೆಯುತ್ತಿರುವುದು ನನ್ನ ಚಿಕ್ಕಮ್ಮನ ಮನೆಯಿಂದ. ನಿಮ್ಮಮ್ಮನ ಮನೆ ಬಿಟ್ಟು ಬಂದೆ. ಬೇರೆಯವರು ನಿನ್ನ ಕಿವಿ ಊದುವ ಮೊದಲು ನಾನೇ ಹೇಳುತ್ತೇನೆ. ದಕ್ಷಿಣಕ್ಕೆ ಹೋಗುವ ಮುಂಚೆ ನೀನು ಇಲ್ಲಿನ ಹಡಗುಕಟ್ಟೆಯ ಕೆಲಸದಿಂದ ತಂದಿಟ್ಟ ಕೆಂಪು ಬಣ್ಣದ ಡಬ್ಬ ನೆನಪಿದೆಯಲ್ಲ? ನಮ್ಮ ಗುಡ್ಡದ ಕೇರಿಯಲ್ಲಿ ಬಣ್ಣವನ್ನು ಅಂಗಡಿಯಿಂದ ತಂದವರು ಯಾರು? ಹಡಗಿಗೆ ಬಳಿದು ಉಳಿದದ್ದೇ ಬಾಗಿಲಿಗೆ, ಕಿಟಕಿಗೆ, ಕೋಳಿಗೂಡಿಗೆ. ನಿಮ್ಮ ಮನೆಯಲ್ಲಿ ತೊಟ್ಟಿಲಿಗೂ ಅದೇ. ಪ್ರತಿ ಮಗುವಿಗೂ ಹಳೆಯ ಬಣ್ಣ ಕೆರೆದು ಹೊಸದು ಬಳಿಯಬೇಕು, ಕೆರೆಯುವವಳು ಹೆರುವವಳೇ ಆಗಿರಬೇಕು. ನಾನೂ ಚಳಿಗೆ ಕಿಟಕಿ ಮುಚ್ಚಿ, ಅಡುಗೆಮನೆಯಲ್ಲಿ ಕೂತು ಉಜ್ಜಿದ್ದೇ ಉಜ್ಜಿದ್ದು. ಆ ಧೂಳು ನನ್ನ ಬ್ರೆಡ್ಡಿನ ಮೇಲೂ ಕೂತಿತ್ತು.

ಆರೋಗ್ಯ ಕೇಂದ್ರದ ಸೂಲಗಿತ್ತಿ ಗ್ರಿಸೆಲ್ದಾ ನನ್ನ ಉಗುರಿನ ಸಂದಿಯ ಕೆಂಪು ನೋಡಿ ಏನಿದು ಎಂದಳು. ಹೇಳಿದೆ. "ಅದರಲ್ಲಿ ಸೀಸ ಇರುತ್ತೆ ಕಣೇ. ನಿನ್ನೊಳಗೆ ಹೋಗಿದ್ದು ಮಗೂಗೂ ಹೋಗುತ್ತೆ, ಅದರ ಮಿದುಳಿಗೇ ಹೊಡೆಯುತ್ತೆ. ಆ ಅಡುಗೆಮನೇಲಿ ಇನ್ನು ಕಾಲೂ ಇಡಬೇಡ," ಅಂದಳು. ನನ್ನ ರಕ್ತ ತೆಗೆದು ದೊಡ್ಡಾಸ್ಪತ್ರೆಗೆ ಕಳಿಸಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ, ನನಗೆ ನಿದ್ದೆಯೂ ಬರುತ್ತಿಲ್ಲ.

ನಿಮ್ಮಮ್ಮನಿಗೆ ಮೆತ್ತಗೇ ಹೇಳಿದೆ. ಆ ತೊಟ್ಟಿಲು ಬೇಡ, ಸೇಬಿನ ಪೆಟ್ಟಿಗೆಯೊಂದು ಸಾಕು ಎಂದೆ. ಅವರು ಚಹಾದ ಕೆಟಲನ್ನು ಕುಕ್ಕಿದರು. "ನನ್ನ ಮಕ್ಕಳೆಲ್ಲ ಇದರ ಕಂಬಿ ಕಚ್ಚಿಕೊಂಡೇ ಹಲ್ಲು ಬರಿಸ್ಕೊಂಡ್ರು. ಮಹಾರಾಣಿ ಮಗೂಗೆ ಮಾತ್ರ ಆಗಲ್ವೇನೋ!" ಆಗ ಇಬ್ಬರ ಕಣ್ಣೂ ಒಲೆಯ ಕಡೆ ಹೋಯಿತು. ಅಲ್ಲಿ ನಿನ್ನ ತಂಗಿ ಮಿರೆಯಾ ಕೂತಿದ್ದಳು, ಇಷ್ಟು ದೊಡ್ಡವಳಾದರೂ ತನ್ನ ಹೆಸರು ಹೇಳಲು ಬಾರದವಳು, ಯಾರದೋ ದೃಷ್ಟಿ ತಾಗಿತೆಂದು ನೀವೆಲ್ಲ ಹೇಳುವವಳು. ಅವಳ ಕಡೆ ನೋಡಿದ್ದಷ್ಟೇ ನನ್ನ ತಪ್ಪು, ಎಲಿಸೆಯೊ. ಅಷ್ಟಕ್ಕೇ ನಿಮ್ಮಮ್ಮ ನನಗೆ ಬಾಗಿಲು ತೋರಿಸಿದರು.

ಅವರಿಗಿಂತ ನಿನ್ನ ಮೇಲೇ ನನಗೆ ಹೆಚ್ಚು ಸಿಟ್ಟು. ಹಡಗುಕಟ್ಟೆಯಲ್ಲಿ ನಿಮಗೆ ಮೂಗುಬಾಯಿಗೆ ಬಟ್ಟೆ ಕಟ್ಟಿಸಿಯೇ ಆ ಬಣ್ಣ ಬಳಿಸುತ್ತಾರಂತೆ. ಡಬ್ಬ ಹೊತ್ತು ತಂದೆ, ಈ ಮಾತನ್ನು ಮಾತ್ರ ಅಲ್ಲೇ ಬಿಟ್ಟು ಬಂದೆ. ಮರೆತೆಯೋ, ಹೆಂಗಸರಿಗೆ ಏಕೆ ಎಂದುಕೊಂಡೆಯೋ, ನೀನೇ ಹೇಳಬೇಕು.

ಚಿಕ್ಕಮ್ಮ ನಿನ್ನ ಕ್ಷೇಮ ಕೇಳಿದಳು. ದೇವಮಾತೆ ನಿನ್ನನ್ನು ಕಾಯಲಿ. ಮೂಗುಬಾಯಿಗೆ ಕಟ್ಟಿದ ಆ ಬಟ್ಟೆ ಬಿಚ್ಚದೆ ಕೆಲಸ ಮಾಡು.

ನಿನ್ನ,
ಒರಿಯೆತಾ

ತಾ.ಕ.: ಪತ್ರ ಮಡಚುತ್ತಿದ್ದಾಗ ನಿಮ್ಮಮ್ಮ ಬಂದರು. ಕರೆದರೂ ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, "ಮಿರೆಯಾ ಹೊಟ್ಟೇಲಿದ್ದಾಗ ಕೆರೆದಿದ್ದು ನಾನೇ. ಅದಕ್ಕೇನಾ ಹಾಗಾಗಿದ್ದು?" ಎಂದು ಕೇಳಿದರು. ಅಲ್ಲ ಎನ್ನಬಹುದಿತ್ತು. ನನ್ನ ಬಾಯಿಗೆ ಬರಲಿಲ್ಲ. ಅವರಿನ್ನೂ ಅಲ್ಲೇ ನಿಂತಿದ್ದಾರೆ. ಅಲ್ಲ ಎಂದು ನೀನಾದರೂ ಅವರಿಗೆ ಬರೆ.