ಕತ್ತರಿ ಮುಟ್ಟಿ ಮಾಡಿದ ಆಣೆ

ಕಟಿಂಗ್ ಟೇಬಲ್ಲಿನ ಅಡಿಯಿಂದ,
ಮಂಗಳವಾರ, ಶಾಲೆ ಶುರುವಾಗಲು ಹನ್ನೊಂದು ದಿನ ಬಾಕಿ

ಸಕಲ ಸೂಜಿದಾರ ಸಂಪನ್ನೆ, ಅವಳಿಪಾಲನಾ ಧುರಂಧರೆ, ಆಣೆಭಂಗ ವಿಶಾರದೆ, ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಕಟ್ಟಿ ಬಸ್ಸನ್ನೇರಿದ ಮಹಾಪಲಾಯನ ಚಕ್ರವರ್ತಿನಿ ಶ್ರೀಮದಕ್ಕನವರ ಪಾದಾರವಿಂದಗಳಿಗೆ ತಮ್ಮ ತಂಗಿಯು ಮಾಡುವ ಒಂದು ಕೈಯ ನಮಸ್ಕಾರ. ಇನ್ನೊಂದು ಕೈಯಲ್ಲಿ ತಮ್ಮನ ಕಾಲರ್ ಹಿಡಿದಿದ್ದೇನೆ. ಬಿಟ್ಟರೆ ಇಸ್ತ್ರಿಪೆಟ್ಟಿಗೆಯ ಹತ್ತಿರ ಹೋಗುತ್ತಾನೆ.

ತಮ್ಮ ದೇಹಾರೋಗ್ಯ ಹೇಗಿದೆ? ತಮ್ಮ ನರ್ಸ್ ತರಬೇತಿ ಆಸ್ಪತ್ರೆಯಲ್ಲೇ ಆದ್ದರಿಂದ ಕಾಯಿಲೆ ಬಿದ್ದರೂ ಅನುಕೂಲವೇ ಎಂಬ ಧೈರ್ಯದಲ್ಲಿ ನಾನು ದಿನಕ್ಕೆರಡು ಸಲ ಶಾಪ ಹಾಕುತ್ತಿದ್ದೇನೆ. ಬೆಳಗಿನದು ಹಲ್ಲುನೋವಿಗೆ, ಸಂಜೆಯದು ಬಿಕ್ಕಳಿಕೆಗೆ. ತಲುಪಿದ್ದರೆ ತಿಳಿಸುವುದು. ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮ ಎಂದರೆ, ಅಮ್ಮನ ಬಾಯಿ ತುಂಬ ಗುಂಡುಸೂಜಿ, ಮನೆ ತುಂಬ ನೀಲಿ ಚಡ್ಡಿ, ಅಪ್ಪನ ಕಿವಿ ತುಂಬ ಮೆಷಿನ್ನಿನ ಸದ್ದು. ನೂರಾ ನಲವತ್ತು ಮಕ್ಕಳ ಯೂನಿಫಾರಂ ಶಾಲೆ ಬಾಗಿಲು ತೆರೆಯುವುದರೊಳಗೆ ಮುಗಿಯಬೇಕು. ತಟ್ಟೆಯಲ್ಲಿ ದಾರ ಸಿಕ್ಕಿತೆಂದರೆ ಅಪ್ಪ ಯಾವ ಬಣ್ಣದ್ದು ಎಂದು ಮಾತ್ರ ಕೇಳುತ್ತಾರೆ.

ಈಗ ದೋಷಾರೋಪಣೆ. ನಮ್ಮ ಮನೆಯಲ್ಲಿ ಅಮ್ಮನ ದೊಡ್ಡ ಕತ್ತರಿ ಮುಟ್ಟಿ ಆಣೆ ಮಾಡಿದರೆ ಮುಗಿಯಿತು, ಅದನ್ನು ಮುರಿದವರು ತಪ್ಪು ಹೊಲಿಗೆಯ ಬುಟ್ಟಿ ಪೂರ್ತಿ ಬಿಚ್ಚಬೇಕು. ಇದು ನಿನಗೆ ಗೊತ್ತು (ತಾವು ತಮಗೆ ಎಂದು ಬರೆದು ಕೈ ನೋಯುತ್ತಿದೆ, ಇನ್ನು ಮೇಲೆ ನೀನೇ). ಆ ಕತ್ತರಿ ಮುಟ್ಟಿಯೇ ನೀನು ಹೇಳಿದ್ದೆ: “ಕೊನೇ ಯೂನಿಫಾರಂ ಬಾಗಿಲು ದಾಟೋವರ್ಗೂ ನಾನು ಹೊಸಿಲು ದಾಟಲ್ಲ ಕಣೇ. ದಿನಾ ನಾಲ್ಕು ಗಂಟೆಗೆ ಈ ಅವಳಿ ಎರಡನ್ನೂ ನಾನು ನೋಡ್ಕೋತೀನಿ, ನೀನು ಈಜೋಕೆ ಹೋಗು.” ಹತ್ತೇ ದಿನದ ಈಜು ತರಗತಿ. ಎರಡು ವರ್ಷದಿಂದ ಕಾದಿದ್ದೆ. ನಾನು ಹೋದದ್ದು ಒಂದು ದಿನ. ಮೂಗಿಗೆ ನೀರು ಹೋಗದಂತೆ ಮುಳುಗುವುದು ಕಲಿತೆ, ಮೇಲೆ ಬರುವುದನ್ನು ನಾಳೆ ಹೇಳಿಕೊಡುತ್ತೇನೆ ಅಂದರು. ಆ ನಾಳೆ ಬರಲೇ ಇಲ್ಲ, ನೀನು ಹೊರಟೆ. ಅಂದರೆ ಲೆಕ್ಕಪ್ರಕಾರ ನಾನಿನ್ನೂ ನೀರಿನೊಳಗೇ ಇದ್ದೇನೆ.

ಆ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಒದ್ದೆ ಜಡೆ ಹಿಂಡುತ್ತ ಮನೆಗೆ ಬಂದೆ. ನಮ್ಮ ಅವಳಿಗಳಲ್ಲಿ ದುಂಡಗಿರುವ ಬಟನ್ ಪೋಸ್ಟ್‌ಮನ್ ಆಟ ಆಡುತ್ತ ಎಲ್ಲಿಂದಲೋ ಒಂದು ಕಾಗದ ತಂದು ನಿನ್ನ ಕೈಗಿಟ್ಟಿದ್ದ. ತರಬೇತಿ ಹೇಳಿದ್ದಕ್ಕಿಂತ ಮೊದಲೇ ಶುರುವಾಗುತ್ತದೆ, ನಾಳೆ ಬೆಳಿಗ್ಗೆಯೇ ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಎಂದಿತ್ತು. ಬಸ್ಸಿಗೆ ಉಳಿದದ್ದು ಅರ್ಧ ಗಂಟೆ. ಅಷ್ಟರಲ್ಲೂ ಬೀದಿಯ ತುದಿಯಲ್ಲಿ ಅಂಚೆಯಣ್ಣನನ್ನು ನಿಲ್ಲಿಸಿ, ಕಾಗದ ಇಷ್ಟು ತಡವಾಗಿ ತಂದುಕೊಡುತ್ತಾರಾ ಎಂದು ನೀನು ತರಾಟೆಗೆ ತೆಗೆದುಕೊಂಡೆಯಂತೆ. ಅಂದಿನಿಂದ ಅವನು ನಮ್ಮ ಮನೆಗೆ ಬೆಲ್ ಹೊಡೆಯುವುದಿಲ್ಲ, ಕಾಗದಗಳನ್ನು ಗೇಟಿನಿಂದಲೇ ಎಸೆಯುತ್ತಾನೆ. ಹೊರಡುವಾಗ ನೀನು ಬಟನ್‌ನ ಕೆನ್ನೆ ಹಿಂಡಿದೆ, ಗುಂಡಿತೂತಿನ ಹೆಸರಿನ ಅವನ ಅವಳಿ ಕಾಜಾಳನ್ನು ಎತ್ತಿ ಮುದ್ದಿಸಿದೆ, ನನ್ನ ಒದ್ದೆ ತಲೆಯ ಮೇಲೆ ಕೈಯಿಟ್ಟು “ನೋಡ್ಕೋ” ಅಂದೆ. ಹದಿಮೂರು ವರ್ಷದ ಸಂಬಂಧಕ್ಕೆ ಎರಡೇ ಅಕ್ಷರ.

ಆದ್ದರಿಂದ ಸೇಡು. ಮೊದಲನೆಯದಾಗಿ ನಿನ್ನ ಹೂವಿನ ಚಿತ್ರದ ಲೋಟವನ್ನು ಅವಳಿಗಳ ಬಣ್ಣದ ಕುಂಚ ತೊಳೆಯಲು ದಾನ ಮಾಡಿದೆ. ಆಮೇಲೆ ನಿನ್ನ ಹಾಸಿಗೆಯ ಮಧ್ಯದಲ್ಲೇ ಕೈಕಾಲು ಚಾಚಿ ಮಲಗುತ್ತಿದ್ದೇನೆ, ಚಳಿಯಾದರೂ ಸರಿ. ಇದು ಸಾಲದೆಂದು ನಿನ್ನ ಕೀರ್ತಿಯನ್ನು ನಾಲ್ಕು ದಿಕ್ಕಿಗೂ ಹರಡುವ ಏರ್ಪಾಟು ಮಾಡಿದೆ. ಯಾರಾದರೂ ಅಕ್ಕ ಎಲ್ಲಿ ಎಂದು ಕೇಳಿದರೆ ಏನು ಹೇಳಬೇಕೆಂದು ಇಬ್ಬರಿಗೂ ಮೂರು ದಿನ ತಾಲೀಮು ಕೊಟ್ಟೆ. ಮಕ್ಕಳಿಗೆ ನಾಲ್ಕೇ ವರ್ಷವಾದರೂ ಪ್ರತಿಭೆ ಅಪಾರ. ಶನಿವಾರ ಡ್ರಾಯಿಂಗ್ ಟೀಚರ್ ಮಗನ ಚಡ್ಡಿ ಒಯ್ಯಲು ಬಂದರು. “ದೊಡ್ಡೋಳು ಕಾಣಿಸ್ತಿಲ್ವಲ್ಲ?” ಅಂದರು. ಬಾಯಿ ಎಂದೂ ಮುಚ್ಚದ ನಮ್ಮ ಕಾಜಾ ಅಂಗಡಿ ತುಂಬ ಕೇಳುವಂತೆ “ಓಡ್ಹೋದ್ಲು” ಅಂದಳು. ಟೀಚರ್ ಕುರ್ಚಿ ಎಳೆದುಕೊಂಡು ಕೂತು, ಸಣ್ಣ ದನಿಯಲ್ಲಿ “ಯಾರ ಜೊತೆ ಪುಟ್ಟಾ?” ಅಂದರು. “ಪೆಟ್ಟಿಗೆ ಜೊತೆ,” ಅಂದ ಬಟನ್, “ಕೆಂಪು ಪೆಟ್ಟಿಗೆ.” ಅಮ್ಮನ ಬಾಯಲ್ಲಿ ಹನ್ನೆರಡು ಗುಂಡುಸೂಜಿ. ಒಂದೊಂದೇ ತೆಗೆದಿಟ್ಟು ವಿಷಯ ವಿವರಿಸುವುದರೊಳಗೆ ಟೀಚರ್ ಸಮಾಧಾನ ಹೇಳಿ, ಅಮ್ಮನ ಬೆನ್ನು ಸವರಿ, ಬೀದಿಯ ಅರ್ಧ ದಾಟಿದ್ದರು. ಈಗ ಬರುವ ಗಿರಾಕಿಗಳೆಲ್ಲ ಅಮ್ಮನನ್ನು ಕನಿಕರದಿಂದ ನೋಡಿ, ಚಡ್ಡಿ ಸ್ವಲ್ಪ ತಡವಾದರೂ ಪರವಾಗಿಲ್ಲ ಎನ್ನುತ್ತಾರೆ. ನಿನ್ನ ಮಾನ ಹೋಗಿ ನಮ್ಮ ಕೆಲಸಕ್ಕೆ ಎರಡು ದಿನ ಉಳಿಯಿತು. ಉಪಕಾರ ನೆನೆಯುತ್ತೇನೆ.

ಆದರೆ ನಿನ್ನೆಯದಕ್ಕೆ ಕ್ಷಮೆಯಿಲ್ಲ. ಹೊಲಿದು ಮುಗಿದ ಮೂವತ್ತು ಚಡ್ಡಿಗಳಿಗೆ ಅಮ್ಮ ಹೆಸರಿನ ಚೀಟಿ ಚುಚ್ಚಿಟ್ಟಿದ್ದಳು. ನಾನು ನಿನ್ನ ಮೇಲೆ ತೀರಿಸಿಕೊಳ್ಳಬೇಕಾದ ಸೇಡುಗಳ ಪಟ್ಟಿ ಬರೆಯುತ್ತ ಕೂತಿದ್ದೆ. ತಲೆಯೆತ್ತಿ ನೋಡಿದರೆ ಅವಳಿಗಳು ಅಂಗಡಿ ಆಟ ಶುರುಮಾಡಿ ಎಲ್ಲ ಚೀಟಿ ಕಿತ್ತು, ಯಾವ ಚಡ್ಡಿ ಚೆಂದವೋ ಅದಕ್ಕೆ ಚೆಂದದ ಚೀಟಿ ಇಟ್ಟಿದ್ದರು. ಬೇಕರಿಯವನ ಮಗ ನಮ್ಮ ಬೀದಿಯ ಅತಿ ದಪ್ಪ ಹುಡುಗ, ಅವನ ಹೆಸರು ಒಂದನೇ ತರಗತಿಯ ಚಡ್ಡಿಯ ಮೇಲೆ. ಅಪ್ಪ ಬೈಯಲಿಲ್ಲ. ಮೆಷಿನ್ ನಿಲ್ಲಿಸಿ, ಅಳತೆಯ ಪುಸ್ತಕ ತೆರೆದು, ಟೇಪು ಹಿಡಿದು ಮೂವತ್ತನ್ನೂ ಮತ್ತೆ ಅಳೆದರು. ಅನ್ನ ಆರಿ ತಣ್ಣಗಾಯಿತು. ಹದಿನೇಳನೆಯ ಚಡ್ಡಿಗೋ ಏನೋ, “ದೊಡ್ಡೋಳು ಇದ್ದಿದ್ರೆ…” ಅಂದರು. ಅಷ್ಟೇ ಅಂದು ಮುಂದಿನ ಚಡ್ಡಿಗೆ ಟೇಪು ಹಿಡಿದರು. ಪೂರ್ತಿ ಹೇಳಿದ್ದರೆ ಜಗಳವಾಡಬಹುದಿತ್ತು, ಅರ್ಧ ಮಾತಿನ ಜೊತೆ ಯಾರು ಜಗಳವಾಡುತ್ತಾರೆ? ಆ ಅರ್ಧ ಮಾತಿಗೂ ನೀನೇ ಹೊಣೆ. ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ.

ಹಾಗಾಗಿ ಕೊನೆಯ ಶಿಕ್ಷೆ ಈ ಪಾರ್ಸಲ್‌ನಲ್ಲೇ ಬರುತ್ತಿದೆ. ನೂರಾ ನಲವತ್ತರ ನಡುವೆ ಬಿಡುವು ಮಾಡಿಕೊಂಡು ಅಮ್ಮ ನಿನ್ನ ತರಬೇತಿಯ ಬಿಳಿ ಕೋಟು ಹೊಲಿದಿದ್ದಾಳೆ. ಎಷ್ಟು ಚೆನ್ನಾಗಿದೆಯೆಂದರೆ ನನಗೆ ತಡೆಯಲಾಗಲಿಲ್ಲ. ಮಡಿಸಿ ಕಟ್ಟು ಎಂದು ಅಮ್ಮ ನನ್ನ ಕೈಗೆ ಕೊಟ್ಟಾಗ ಎರಡೂ ಜೇಬಿನ ಬಾಯಿ ಹೊಲಿದುಬಿಟ್ಟೆ. ಇನ್ನು ನೀನು ಥರ್ಮಾಮೀಟರ್ ಎಲ್ಲಿಡುತ್ತೀಯೋ, ಪೆನ್ನು ಎಲ್ಲಿ ಸಿಕ್ಕಿಸುತ್ತೀಯೋ ನೋಡೋಣ. ದೊಡ್ಡ ಡಾಕ್ಟರ ಎದುರು ಕೈಯನ್ನು ಜೇಬಿಗೆ ಹಾಕಲು ಹೋಗಿ, ಹಾಕಲಾಗದೆ, ಹೊಟ್ಟೆ ಸವರಿಕೊಂಡು ನಿಲ್ಲು. ಆಣೆ ಮುರಿದವರು ಹೊಲಿಗೆ ಬಿಚ್ಚಬೇಕು. ಕುಳಿತು ಬಿಚ್ಚು.

ಅಮ್ಮ ಹೊತ್ತಿಗೆ ಸರಿಯಾಗಿ ಊಟ ಮಾಡು ಅಂದಿದ್ದಾಳೆ. ಅಪ್ಪ ಕೋಟಿನ ಕಾಲರ್ ಎರಡು ಸಲ ಇಸ್ತ್ರಿ ಮಾಡಿದರು. ಬಟನ್ ಇಲ್ಲಿ ಕೆಳಗೆ ಒಂದು ಗೆರೆ ಎಳೆದಿದ್ದಾನೆ, ಅದು ನೀನಂತೆ. ಕಾಜಾ ಎಳೆದದ್ದು ನಿನ್ನ ಪೆಟ್ಟಿಗೆಯಂತೆ.

ಇಂತಿ, ತಮ್ಮ ಸರ್ವನಾಶವನ್ನು ಸದಾ ಬಯಸುವ,
ನೀನೇ ಹೆಸರಿಟ್ಟ
ಸೂಜಿ

ಮರೆತದ್ದು: ಅಮ್ಮ ಪಾರ್ಸಲ್ ಕೊಡು ಎಂದು ಕೂಗುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಎಡಗಡೆ ಜೇಬು ಮೆಷಿನ್ ಹೊಲಿಗೆ, ಬಿಚ್ಚಲು ಗಂಟೆ ಬೇಕು. ಬಲಗಡೆಯದು ಬರೀ ಕಚ್ಚಾ ಹೊಲಿಗೆ, ಕೆಂಪು ದಾರದ ತುದಿ ಎಳೆದರೆ ಪೂರ್ತಿ ಕೈಗೆ ಬರುತ್ತದೆ. ಒಳಗೆ ನಿನ್ನ ತರಬೇತಿಯ ಆ ಕಾಗದದ ಲಕೋಟೆಯಿದೆ. ನೀನು ಕಾಗದ ಮಾತ್ರ ಒಯ್ದೆ, ಇದು ಇಲ್ಲೇ ಬಿದ್ದಿತ್ತು. ನಮ್ಮೂರ ಅಂಚೆಯ ಮುದ್ರೆ ನೋಡು. ನೀನು ಹೊರಟದ್ದಕ್ಕಿಂತ ಎಂಟು ದಿನ ಹಿಂದಿನದು. ಅಂಚೆಯಣ್ಣ ಅವತ್ತೇ ತಂದು ನನ್ನ ಕೈಗೇ ಕೊಟ್ಟಿದ್ದ. ಆಸ್ಪತ್ರೆಯ ಹೆಸರು ನೋಡಿದೆ, ಬೆಳಕಿಗೆ ಹಿಡಿದು ದಿನಾಂಕವನ್ನೂ ಓದಿದೆ. ಯೂನಿಫಾರಂ ಕಾಲದಲ್ಲಿ ಯಾರೂ ಮುಟ್ಟದ ಕಪ್ಪು ಮಖಮಲ್ಲಿನ ಸುರುಳಿಯೊಳಗೆ ತೂರಿಸಿದೆ. ಅವಳಿಗಳು ಡೇರೆ ಕಟ್ಟಲು ಆ ಸುರುಳಿ ಎಳೆಯುತ್ತಾರೆಂದು ನನಗೇನು ಗೊತ್ತು? ಎಳೆಯದಿದ್ದರೆ ನಿನ್ನ ಸೀಟು ಹೋಗುತ್ತಿತ್ತು. ಈಜಿಗಾಗಿ ಬಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಈಜಿಗೆ ಹತ್ತು ದಿನ ಸಾಕಿತ್ತು, ನನಗೆ ನೀನು ಹೋಗುವುದೇ ಬೇಡವಾಗಿತ್ತು. ಅಂಚೆಯಣ್ಣನಿಗೆ ನಾಳೆ ಗೇಟಿನಲ್ಲೇ ನಿಂತು ನಿಜ ಹೇಳುತ್ತೇನೆ, ಕತ್ತರಿ ಮುಟ್ಟಿ ಬರೆದಿದ್ದೇನೆ. ತಪ್ಪು ಹೊಲಿಗೆಯ ಬುಟ್ಟಿಯನ್ನು ನಿನ್ನೆಯೇ ನನ್ನ ಪಕ್ಕಕ್ಕೆ ಎಳೆದುಕೊಂಡೆ. ಅರ್ಧ ಬಿಚ್ಚಿದ್ದೇನೆ. ಉಳಿದರ್ಧ ನೀನು ಬಂದು ಎದುರಿಗೆ ಕೂತು ಬೈದರೆ ಬಿಚ್ಚುತ್ತೇನೆ.