ಎಂಜಿನ್ನಿಗೆ ಸದ್ದು ಕೂರಿಸಿದ್ದು

ಕಳಕ್ಕೂಟಂ, ತಿರುವನಂತಪುರ
18 ಆಗಸ್ಟ್ 2025, ಸೋಮವಾರ

ನನ್ನ ಮುದ್ದು ಇಂಚರಾ,

ಈ ಕಾಲದಲ್ಲಿ ಅಮ್ಮ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಫೋನಿನಲ್ಲಿ ಹೇಳಲು ಧೈರ್ಯವಿಲ್ಲ. ಅಪ್ಪನ ಕಿವಿ ಈಗ ಎಷ್ಟು ಚುರುಕೆಂದರೆ, ನಾನು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಹಾಲ್‌ನಿಂದ ಉತ್ತರ ಬರುತ್ತದೆ. ಪೆನ್ನಾದರೆ ಚಾಡಿ ಹೇಳುವುದಿಲ್ಲ.

ಮೊದಲು ವಿಷಯ ಹೇಳಿಬಿಡುತ್ತೇನೆ. ಅಪ್ಪನ ಬಲಗಣ್ಣು ಪೂರ್ತಿ ಹೋಗಿದೆ. ಎಡಗಣ್ಣಿನ ನಡುವೆ ಒಂದಿಷ್ಟು ನೋಟ ಉಳಿದಿದೆ, ಕೊಳವೆಯಲ್ಲಿ ಇಣುಕಿದ ಹಾಗಂತೆ. ಅದೂ ಎಷ್ಟು ದಿನವೆಂದು ಡಾಕ್ಟರು ಹೇಳುತ್ತಿಲ್ಲ. ನಿನಗೆ ತಿಳಿಸಕೂಡದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಆಣೆಯನ್ನು ಇವತ್ತು ಮುರಿದೆ.

ನಿಮ್ಮಿಬ್ಬರ ಮಾತು ನಿಂತದ್ದೂ ಈ ಕಣ್ಣಿನಿಂದಲೇ ಅಲ್ಲವೇ. ಎರ್ನಾಕುಲಂನಲ್ಲಿ ನಿನ್ನ ಕಲೂರಿನ ಮನೆಯ ಗೃಹಪ್ರವೇಶದಲ್ಲಿ ಅಪ್ಪ ಪಾನಕದ ಲೋಟಕ್ಕೆ ತಡಕಾಡಿದಾಗ, ಅಪ್ಪನಿಗೆ ಕಣ್ಣು ಕಾಣುವುದಿಲ್ಲ, ಕೈಗೇ ಕೊಡಿ ಎಂದು ನೀನು ಪ್ರೀತಿಯಿಂದಲೇ ಹೇಳಿದೆ. ಆದರೆ ನಿನ್ನ ಗಂಡನ ಕಡೆಯವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಬಾಹ್ಯಾಕಾಶ ಕೇಂದ್ರದಲ್ಲಿ ಇಡೀ ಸರ್ವಿಸು ಕೂದಲೆಳೆಯಂಥ ತಂತಿಗಳನ್ನು ಬೆಸೆದ ಮನುಷ್ಯ. ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು. ನೀನೇನು ಕಡಿಮೆಯೇ? ಅಪ್ಪನ ಮೊಂಡುತನದಲ್ಲಿ ಒಂದು ಚೂರೂ ಬಿಡದೆ ಪಡೆದುಕೊಂಡವಳು.

ನೀನು ಮೂರನೆಯ ಕ್ಲಾಸಿನಲ್ಲಿದ್ದಾಗ ಅಪ್ಪ ಜರ್ಮನಿಯಿಂದ ತಂದ ಕಪ್ಪು ಮಾಡೆಲ್ ಎಂಜಿನ್ ನೆನಪಿದೆಯಲ್ಲ? ಅದಕ್ಕೆ ಸದ್ದು ಬರಿಸಲು ಡಿಜಿಟಲ್ ಚಿಪ್ಪು, ಸ್ಪೀಕರು ಕೂರಿಸುವ ಹುಚ್ಚು ಅವರಿಗೆ ಈಗ ಹಿಡಿದಿದೆ. ಹಳೆಯ ಎಂಜಿನ್ನಿನಲ್ಲಿ ಮೋಟಾರಿನ ಒಂದು ತುದಿ ಲೋಹದ ಚೌಕಟ್ಟಿಗೇ ತಾಗಿಕೊಂಡಿರುತ್ತದಂತೆ. ಅದನ್ನು ಮೊದಲು ಬಿಡಿಸಬೇಕು, ಇಲ್ಲದಿದ್ದರೆ ಚಿಪ್ಪು ಸುಟ್ಟುಹೋಗುತ್ತದೆ. ಆಮೇಲೆ ಕೆಂಪು, ಕಪ್ಪು ತಂತಿ ಹಳಿಯ ಕಡೆಗೆ. ಕಿತ್ತಳೆ, ಬೂದು ಮೋಟಾರಿಗೆ. ಅಪ್ಪ ಕಿತ್ತಳೆಯನ್ನೇ ಕೆಂಪೆಂದು ಬೆಸೆದರು. ಒಂದು ಹಿಡಿ ಹೊಗೆ ಎದ್ದು ಚಿಪ್ಪು ಸತ್ತಿತು. ಕಳಪೆ ಮಾಲು ಅಂತ ಅಂಗಡಿಯವನನ್ನು ಬೈದರು. ನಾನೂ ಜೊತೆ ಸೇರಿ ಬೈದೆ.

ಮರುದಿನ, ನನಗೂ ಇದನ್ನು ಕಲಿಸಿ ಎಂದು ಪಕ್ಕದಲ್ಲಿ ಕೂತೆ. ನಿನಗೆ ಇದೆಲ್ಲ ಯಾಕೆ ಮಾರಾಯ್ತಿ ಅಂದರು, ಆದರೆ ಕುರ್ಚಿ ಸರಿಸಿ ಜಾಗ ಕೊಟ್ಟರು. ಅಂದಿನಿಂದ ಅವರು ಮೇಷ್ಟ್ರು, ನಾನು ದಡ್ಡ ವಿದ್ಯಾರ್ಥಿನಿ. ಈಗ ಹಿಡಿದದ್ದು ಯಾವ ಬಣ್ಣ, ಹೇಳು ನೋಡುವಾ ಎಂದು ಪರೀಕ್ಷೆ ಮಾಡುತ್ತಾರೆ. ಕಿತ್ತಳೆ ಎಂದರೆ, ಅಡ್ಡಿಯಿಲ್ಲ ನೀನು ಎನ್ನುತ್ತಾರೆ. ಸೋಲ್ಡರಿಂಗ್ ಐರನ್ನು ನನ್ನ ಕೈಯಲ್ಲಿ, ಅದರ ಮೇಲೆ ಅವರ ಕೈ. ಇಬ್ಬರಿಗೂ ಎಲ್ಲ ಗೊತ್ತು, ಇಬ್ಬರೂ ಬಾಯಿ ಬಿಡುವುದಿಲ್ಲ.

ಎಂಜಿನ್ನಿನ ಹಿಂದಿನ ಕಲ್ಲಿದ್ದಲ ಗಾಡಿಯಿಂದ ತೂಕಕ್ಕೆಂದು ಇಟ್ಟಿದ್ದ ಸೀಸದ ತುಂಡು ತೆಗೆದು ಅಲ್ಲಿ ಸ್ಪೀಕರ್ ಇಟ್ಟೆವು. ಮೊನ್ನೆ ಶನಿವಾರ ಓಡಿಸಿದೆವು. ಇಷ್ಟು ವರ್ಷ ಮೂಕವಾಗಿದ್ದದ್ದು ಬುಸ್ ಬುಸ್ ಎಂದು ಉಸಿರುಬಿಡುತ್ತಾ ಹೊರಟಿತು. ಪಕ್ಕದ ಫ್ಲ್ಯಾಟಿನ ಜಾಯ್ಸ್ ಚೇಚಿ ಓಡಿಬಂದು ಕೈತಟ್ಟಿದರು. ನನಗೆ ಮಾತ್ರ ಎಂಜಿನ್ ಕಡೆ ನೋಡಲಾಗಲಿಲ್ಲ. ಅದು ಹಳಿಯ ಮೇಲೆ ಸುತ್ತಿದಂತೆಲ್ಲ ಅಪ್ಪನ ಮುಖ ಅದರ ಹಿಂದೆಯೇ ತಿರುಗುತ್ತಿತ್ತು, ಕಣ್ಣು ಮುಚ್ಚಿಕೊಂಡಿದ್ದರು. ಉಳಿದ ನೋಟ ಇರುವಾಗಲೇ ಕುರುಡನಾಗಿ ಬದುಕುವುದನ್ನು ಅಭ್ಯಾಸ ಮಾಡುತ್ತಿದ್ದಾರೆ, ಮಗಾ. ಒಳಗೆ ಹೋಗಿ ಅತ್ತುಬಿಟ್ಟೆ.

ಆ ಸಂಜೆ ನಿನ್ನ ಮದುವೆಯ ಫೋಟೋ ತರಲು ಹೇಳಿದರು. ಹೊಸ ಟೇಬಲ್ ಲ್ಯಾಂಪಿನ ಬೆಳಕು ಸಾಕಾಗುತ್ತದೋ ನೋಡಲಿಕ್ಕಂತೆ. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಸ್ವಲ್ಪ ಸ್ವಲ್ಪವೇ ಸರಿಸುತ್ತಾ, ನಿನ್ನ ಹಣೆ, ಮೂಗು, ಗಲ್ಲ ಬಿಡಿಬಿಡಿಯಾಗಿ ನೋಡಿದರು. ಈಗಲೂ ಹೀಗೇ ಇದ್ದಾಳಾ, ಸಪೂರ ಆಗಿದ್ದಾಳಾ ಎಂದು ಕೇಳಿದರು. ನೀವೇ ಕರೆಸಿ ನೋಡಿ ಅಂದೆ. ಲೈಟು ಆರಿಸು, ಕರೆಂಟು ದಂಡ ಎಂದರು.

ಅವರು ಕರೆಯುವುದಿಲ್ಲ. ನೀನು ಬಾ. ಯಾರದು ತಪ್ಪು ಎಂದು ಆಮೇಲೆ ಕೂತು ಜಗಳವಾಡಿ. ಎರ್ನಾಕುಲಂನಲ್ಲಿ ಬೆಳಗಿನ ವಂಚಿನಾಡ್ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲೇ ಇಲ್ಲಿರುತ್ತೀ. ಆ ಕಣ್ಣು ಮುಚ್ಚುವ ಮೊದಲು ಅದರಲ್ಲಿ ಒಮ್ಮೆ ನಿನ್ನ ಮುಖ ತುಂಬಲಿ. ಬೇರೇನೂ ಕೇಳುವುದಿಲ್ಲ.

ಅಳಿಯ ಗುರುಕಿರಣನಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಕುಸುಮಾವತಿ

ತಾ.ಕ.: ಇವತ್ತು ಬುಧವಾರ. ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಬೆಳಿಗ್ಗೆ ಅಪ್ಪ ಎದ್ದು ಕೂತು, ಇನ್ನೂ ಬೆಳಕಾಗಲಿಲ್ಲವಾ ಎಂದು ಕೇಳಿದರು. ಬಿಸಿಲು ಅವರ ಮಡಿಲಿನಲ್ಲೇ ಬಿದ್ದಿತ್ತು. ಇಲ್ಲ, ಮಲಗಿ ಎಂದೆ. ಆಸ್ಪತ್ರೆಗೆ ಹೋಗಿ ಬಂದೆವು, ಹೋದ ನೋಟ ಇನ್ನು ಮರಳಿ ಬರುವುದಿಲ್ಲವಂತೆ. ಫೋನಿನಲ್ಲಿ ಹೇಳಿದರೆ ಅವರ ಕಿವಿಗೆ ಬೀಳುತ್ತದೆ. ಜಾಯ್ಸ್ ಚೇಚಿ ಸಂಜೆ ಎರ್ನಾಕುಲಂಗೆ ಹೊರಟಿದ್ದಾರೆ, ಇದನ್ನು ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ನೀನು ಬರಲೇಬೇಕು. ಆದರೆ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಡ ಮಗಾ. ಮಾತು ನೀನೇ ಮೊದಲು ಆಡು. ಇಲ್ಲದಿದ್ದರೆ ನೀನು ಬಂದದ್ದೇ ಅವರಿಗೆ ಗೊತ್ತಾಗುವುದಿಲ್ಲ.