ಇನ್ನೊಬ್ಬ ಪ್ಯಾಡ್ ಕಟ್ಟಿಕೊಳ್ಳುವವರೆಗೆ

ಅಪ್ಪಾ,

ನೀನಿದ್ದಿದ್ದರೆ ನನ್ನನ್ನು ತಡೆಯುತ್ತಿದ್ದೆ. ಇಂದು ಬೇಸ್‌ಬಾಲ್ ಪಂದ್ಯದ ನಡುವೆ ನಿನ್ನ ಮೊಮ್ಮಗ ಗ್ಯಾರೆಟ್ ಬ್ಯಾಟ್ ಮಾಡುವವನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್‌ನ ಜಾಗಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತ. ಕಾಲೇಜು ಸೇರಿದ ಮೇಲೆ ಮೊದಲ ಸಲ. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ.

ಪಕ್ಕದಲ್ಲಿದ್ದ ಡೋರೀನ್, ತಂಡದ ಮುಖ್ಯ ಕ್ಯಾಚರ್‌ನ ತಾಯಿ, ನನ್ನ ತೋಳು ಎಳೆದಳು. "ಕೂತ್ಕೊಳ್ಳಿ ಮಾರಾಯ್ರೆ! ನನ್ ಮಗ ಈಗಷ್ಟೇ ಬ್ಯಾಟಿಂಗ್ ಮುಗಿಸಿ ಓಡ್ಬಂದ. ಅವ್ನು ಪ್ಯಾಡ್ ಕಟ್ಕೊಳ್ಳೋವರೆಗೆ ಚೆಂಡೆಸೆಯೋ ಪಿಚರ್ ಕೈ ಬಿಸಿ ಮಾಡ್ಕೊಳ್ಳೋಕೆ ಎಸೆಯೋದನ್ನ ನಿಮ್ಮೋನು ಹಿಡೀತಾನೆ, ಅಷ್ಟೇ."

ಅಷ್ಟೇ ಆಯಿತು. ಅವಳ ಮಗ ಬಂದ, ಗ್ಯಾರೆಟ್ ಬೆಂಚಿಗೆ ಮರಳಿದ.

"ಕ್ಯಾಚರ್ ಆಗು, ಯಾವ ತಂಡಾನೂ ನಿನ್ನ ಬಿಡಲ್ಲ" ಎಂದು ಅವನಿಗೆ ಗ್ಲೌಸ್ ತೊಡಿಸಿದವನು ನೀನು. ನಿಜ, ಬಿಟ್ಟಿಲ್ಲ. ಎಲ್ಲ ಊರಿಗೂ ಕರೆದೊಯ್ಯುತ್ತಾರೆ, ಬೆಂಚಿನಲ್ಲಿ ಕೂರಿಸುತ್ತಾರೆ.

ಕಾರಿನಲ್ಲಿ ಅವನನ್ನು ಕೇಳಿದೆ, "ಬೇರೆ ಕಾಲೇಜು ನೋಡೋಣ್ವಾ?"

"ಅಲ್ಲೂ ಕ್ಯಾಚರ್ ಆಗಿ ಆಡೋದು ಒಬ್ನೇ ಅಪ್ಪಾ. ಇನ್ಮೇಲೆ ಎದ್ ನಿಲ್ಬೇಡ."

ಆಗಲಿ ಎಂದೆ. ಹಿಡಿದ ಆ ಕೆಲವು ಚೆಂಡುಗಳಲ್ಲಿ ಒಂದೂ ಅವನ ಕೈಜಾರಲಿಲ್ಲ. ಅದನ್ನು ನಿನಗೆ ಹೇಳುತ್ತಿದ್ದೇನೆ.